ನೆರೆಹೊರೆಯ ನಗುಮುಖವಷ್ಟೇ ಸಾಲದು

ಒಂದು ನಗರ ಮತೀಯ ಗಲಭೆಯಲ್ಲಿ ಹೊತ್ತಿ ಉರಿಯುವಾಗ ಅಂಥದೇ ಇನ್ನೊಂದು ನಗರ ಶಾಂತವಾಗಿರುವುದೇಕೆ? ಈ ಪ್ರಶ್ನೆಗೆ ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಅವರು ವರ್ಷಗಟ್ಟಲೆ ಉತ್ತರ ಹುಡುಕಿ, 2002ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 1950ರಿಂದ 1995ರವರೆಗೆ ಹಿಂದೂ–ಮುಸ್ಲಿಂ ಗಲಭೆಗಳಲ್ಲಿ ಮಡಿದವರ ಪೈಕಿ ಸುಮಾರು ನೂರಕ್ಕೆ 46 ಮಂದಿ ಕೇವಲ ಎಂಟು ನಗರಗಳಲ್ಲಿ ಸತ್ತವರು. ಹಳ್ಳಿಗಳ ಪಾಲು ನೂರಕ್ಕೆ ನಾಲ್ಕನ್ನೂ ಮುಟ್ಟಲಿಲ್ಲ.

ಅವರು ಅಲೀಗಢವನ್ನೂ ಕಲ್ಲಿಕೋಟೆಯನ್ನೂ ಹೋಲಿಸಿ ನೋಡಿದರು. ಎರಡೂ ಕಡೆ ಮುಸ್ಲಿಮರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ ಕಲ್ಲಿಕೋಟೆಯಲ್ಲಿ ವರ್ತಕರ ಸಂಘ, ಕಾರ್ಮಿಕ ಸಂಘಗಳಲ್ಲಿ ಉಭಯ ಮತದವರೂ ಜೊತೆಗೂಡಿ ದುಡಿಯುತ್ತಿದ್ದರು. ಗಾಳಿಸುದ್ದಿ ಹಬ್ಬಿದಾಗ ಅದನ್ನು ಅಲ್ಲಗಳೆಯಲು ಅಲ್ಲಿ ಪರಸ್ಪರ ನಂಬುವ ಜನರಿದ್ದರು. ಹಳ್ಳಿಯಲ್ಲಿ ದಿನನಿತ್ಯದ ಒಡನಾಟವೇ ಸಾಕಾದೀತು. ಎಲ್ಲರೂ ಎಲ್ಲರನ್ನೂ ಅರಿಯದ ನಗರದಲ್ಲಿ ಸಂಘಟಿತ ಸಹಯೋಗ ಅವಶ್ಯ ಎಂಬುದು ಅವರ ನಿರ್ಣಯ.

ಮಹಾರಾಷ್ಟ್ರದ ಭಿವಂಡಿಯೂ ಇದಕ್ಕೆ ಸಾಕ್ಷಿ. 1984ರಲ್ಲಿ ಭೀಕರ ಗಲಭೆ ಕಂಡ ಆ ಊರಿನಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಅವರು 1988ರಿಂದ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992–93ರಲ್ಲಿ ಸಮೀಪದ ಮುಂಬಯಿ ಉರಿದರೂ ಭಿವಂಡಿ ಶಾಂತವಾಗಿತ್ತು.

ಇದನ್ನು ದೂರದ ಊರುಗಳ ಮಾತೆಂದು ತಳ್ಳಿಹಾಕುವಂತಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮೊದಲಾದೆಡೆ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. 2009ರ ಜುಲೈಯಲ್ಲಿ ಮೈಸೂರಿನ ಕ್ಯಾತಮಾರನಹಳ್ಳಿಯ ಗಲಭೆಯಲ್ಲಿ ಜೀವಗಳು ಬಲಿಯಾದವು.

ಲಷ್ಕರ್ ಮೊಹಲ್ಲಾದ ನಾವು ಸೌಹಾರ್ದದ ಪರಂಪರೆಯುಳ್ಳವರೆಂದು ಹೆಮ್ಮೆಪಡುತ್ತೇವೆ. ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಸ್ತಿಭಾರದ ಶಿಲೆಯನ್ನಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಈ ಹೆಮ್ಮೆ ಸಹಜವೇ. ಆದರೆ ಹಬ್ಬದ ದಿನ ಕೇಕು ಹಂಚಿ, ಉಳಿದ ದಿನಗಳಲ್ಲಿ ನಮ್ಮ ನಮ್ಮ ಸಂಘಗಳೊಳಗೇ ಉಳಿದುಬಿಟ್ಟರೆ ಆಪತ್ತಿನ ವೇಳೆ ಯಾರ ಕದ ತಟ್ಟೋಣ?

ಧರ್ಮಕೇಂದ್ರದ ಸೇವಾಸಂಘಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅವುಗಳ ಜೊತೆಗೆ ಬಡಾವಣೆಯ ನಿವಾಸಿಗಳ ಸಂಘ, ವರ್ತಕರ ಸಂಘ, ಸಹಕಾರ ಸಂಘಗಳಲ್ಲಿಯೂ ನಮ್ಮವರಿರಬೇಕು. ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಹಾಗೂ ಮೀರಿದ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ಅವುಗಳ ರಚನೆಗಾಗಿ ಒತ್ತಾಯಿಸುವುದೂ ನಾಗರಿಕ ಧರ್ಮವೇ. ಚರಂಡಿ, ಕುಡಿಯುವ ನೀರು, ಬೀದಿದೀಪಗಳಿಗಾಗಿ ಅನ್ಯಮತದ ನೆರೆಯವರೊಡನೆ ಕೂಡಿ ಅರ್ಜಿ ಹಿಡಿದು ನಿಂತವರು, ನಾಳೆ ಸುಳ್ಳುಸುದ್ದಿ ಹಬ್ಬಿದಾಗ ಒಬ್ಬರಿಗೊಬ್ಬರು ಕಾವಲಾಗುವರು. ಪ್ರತಿ ಕುಟುಂಬದಿಂದ ಒಬ್ಬರಾದರೂ ಈ ಕಾರ್ಯಕ್ಕೆ ಮುಂದಾಗಲೆಂದು ನಾವು ಆಶಿಸುತ್ತೇವೆ.