ಪ್ರಮಾಣಪತ್ರದ ಮರುದಿನ

ಬೇಲೂರು ತಾಲ್ಲೂಕಿನ ಬಿಕ್ಕೋಡು ಸುತ್ತಮುತ್ತ ಸಂಜೆ ಆರರ ಮೇಲೆ ಕಾಫಿ ತೋಟದ ದಾರಿಯಲ್ಲಿ ಒಂಟಿಯಾಗಿ ನಡೆಯಲು ದೊಡ್ಡವರೇ ಹೆದರುತ್ತಾರೆ. ಕಾಡಾನೆಗಳು ಯಾವ ತೋಟದಲ್ಲಿವೆ ಎಂದು ವಿಚಾರಿಸಿಕೊಂಡೇ ಮನೆಯಿಂದ ಹೊರಡಬೇಕು. ಇಲ್ಲಿನ ತೋಟದ ಕೂಲಿಕಾರರ ಲೈನ್ ಮನೆಯ ಮಗಳನ್ನು ಹಾಸನಕ್ಕೆ ತರಬೇತಿಗೆ ಕಳುಹಿಸಿ ಎಂದರೆ, ಕತ್ತಲಾಗುವುದರೊಳಗೆ ಅವಳು ವಾಪಸ್ ಬರುತ್ತಾಳೆಯೇ ಎಂಬುದೇ ತಾಯಿಗೆ ಮೊದಲ ಚಿಂತೆ. ಶುಲ್ಕದ ಮಾತು ಆಮೇಲೆ.

ಯುವಜನರ ಕೌಶಲಕ್ಕೆ ಹಣವಿಲ್ಲ ಎನ್ನುವಂತಿಲ್ಲ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕು. ಕೌಶಲ ತರಬೇತಿಯೂ ಅದರಲ್ಲಿ ಸೇರಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಆದವರಿಗೆ ₹1,500 ಕೊಡುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿಗೇ ಓದು ನಿಂತವರಿಗೆ ಅದು ಸಿಗದು. ಕೂಲಿ ಮನೆಗಳಲ್ಲಿ ಓದು ತುಂಡಾಗುವುದು ಬಹುಪಾಲು ಅಲ್ಲೇ.

ಅವರಿಗೆಂದೇ ಇರುವುದು ಕೇಂದ್ರದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ. ತರಬೇತಾದವರಲ್ಲಿ ಶೇ 70ರಷ್ಟು ಮಂದಿಗಾದರೂ ಕೆಲಸ ಕೊಡಿಸಬೇಕೆಂಬ ಷರತ್ತು ಅದರಲ್ಲಿದೆ. 2016ರ ಮಾರ್ಗಸೂಚಿಯಂತೆ, ಕೆಲಸ ಸಿಕ್ಕ ಮೇಲೂ ತಿಂಗಳಿಗೆ ₹1,000 ನೆರವು ಗೊತ್ತುಪಡಿಸಲಾಗಿತ್ತು: ಸ್ವಂತ ಜಿಲ್ಲೆಯಲ್ಲಾದರೆ 2 ತಿಂಗಳು, ರಾಜ್ಯದೊಳಗೆ 3, ಹೊರರಾಜ್ಯದಲ್ಲಿ 6. ಆಲೋಚನೆ ಒಳ್ಳೆಯದು, ಮೊತ್ತ ಸಾಲದು. ಬೆಂಗಳೂರಿನಲ್ಲಿ ಪಿ.ಜಿ.ಯ ಮುಂಗಡ ಕಟ್ಟಬೇಕು, ಊಟಕ್ಕೆ, ಬಸ್ಸಿಗೆ ಕೊಡಬೇಕು. ಮೊದಲ ಸಂಬಳ ಬರುವಷ್ಟರಲ್ಲಿ ಮನೆಯವರು ಕೈಸಾಲ ಮಾಡಿರುತ್ತಾರೆ. ಹಬ್ಬಕ್ಕೆ ಬಂದ ಹುಡುಗ ಮತ್ತೆ ಬಸ್ ಹತ್ತುವುದಿಲ್ಲ. ಕಡತದಲ್ಲಿ ಮಾತ್ರ ಅವನಿಗೆ ಉದ್ಯೋಗವಾಗಿದೆ.

ಇದಕ್ಕೆ ಮದ್ದು ನಮ್ಮಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತವಾಗಿ ಕಲಿಸಿತು. ಕಲಿತವರನ್ನು ಅಲ್ಲಿಗೇ ಕೈಬಿಡದೆ ಆಮೇಲೂ ಬೆನ್ನಿಗೆ ನಿಂತಿತು. ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ, ಅಂದರೆ ಆರ್‌ಸೆಟಿಗಳಿಗೆ ಅದೇ ಮಾದರಿ. ಇಷ್ಟು ವರ್ಷ ಉಜಿರೆಯ ಸಂಸ್ಥೆ ಬಾಳಿದ್ದಕ್ಕೆ ಈ ಬೆನ್ನಾಸರೆಯೇ ಕಾರಣ ಎಂದು ನನ್ನ ನಂಬಿಕೆ.

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಬೇಲೂರು, ಹಳೇಬೀಡಿನ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಮಾರ್ಗದರ್ಶಕರು, ಹೋಂಸ್ಟೇ ನಡೆಸಬಲ್ಲವರು ಅಲ್ಲಿ ಬೇಕು. ಮೋಟಾರು, ಪಲ್ಪರ್, ಕಳೆ ಕೊಚ್ಚುವ ಯಂತ್ರ ರಿಪೇರಿ ಬಲ್ಲವರು ತೋಟಗಳಿಗೆ ಬೇಕು. ಇಂಥ ಕಲಿಕೆಯನ್ನು ಬಿಕ್ಕೋಡಿನಲ್ಲೇ, ಹಗಲು ಹೊತ್ತಿನಲ್ಲಿ ನಡೆಸಬಹುದು.

ಅನುದಾನ ಕೊಡುವ ಇಲಾಖೆಗಳಲ್ಲಿ, ಕಂಪನಿಗಳಲ್ಲಿ ನನ್ನ ಕೋರಿಕೆ ಎರಡು. ಕೆಲಸದ ಮೊದಲ ಮೂರು ತಿಂಗಳ ಬಾಡಿಗೆ, ಊಟದ ಖರ್ಚನ್ನು ಯೋಜನಾ ವೆಚ್ಚದಲ್ಲೇ ಸೇರಿಸಿ. ಕೊನೆಯ ಕಂತು ಬಿಡುಗಡೆ ಮಾಡುವ ಮುನ್ನ, ತರಬೇತಿ ಮುಗಿದು ವರ್ಷವಾದ ಮೇಲೆ ಎಷ್ಟು ಮಂದಿ ಕೆಲಸದಲ್ಲಿ ಉಳಿದಿದ್ದಾರೆ ಎಂದು ಅವರವರ ಮನೆಗೇ ಹೋಗಿ ಕೇಳಿ.