ಬಳ್ಳಿ ಅಬಲೆಯೇ?

ಬಳ್ಳಿಯನ್ನು ಹೆಣ್ಣಿಗೆ, ಮರವನ್ನು ಗಂಡಿಗೆ ಹೋಲಿಸುವುದು ನಮ್ಮ ಕವಿಗಳ ಹಳೆಯ ರೂಢಿ. ಆಸರೆಯಿಲ್ಲದೆ ಬಳ್ಳಿ ಬಾಳದಂತೆ! ತರಗತಿಯಲ್ಲಿ, ಹೆಣ್ಣುಮಕ್ಕಳೆದುರು, ಈ ಉಪಮೆಯನ್ನು ಮೆಚ್ಚಿ ಹೇಳಲು ನನಗೆ ನಾಲಗೆ ಬಾರದು. ಚೀನಾ, ಜಪಾನುಗಳ ವಿಸ್ಟೀರಿಯಾವನ್ನು ನೋಡಿ. ಅವರೆಯ ಕುಲದ ಈ ಬಳ್ಳಿಯ ನಸುನೇರಿಳೆ ಹೂಗೊಂಚಲು ಲಲಿತವೇ ಸರಿ. ಕಾಂಡವೋ ಮರದಷ್ಟು ದಪ್ಪವಾಗಿ, ತಬ್ಬಿದ ಮರವನ್ನೇ ಬಿಗಿದು ಕೊಲ್ಲಬಲ್ಲುದು. ಜಪಾನಿನ ಆಶಿಕಾಗದ ಉದ್ಯಾನಕ್ಕೆ 1996ರಲ್ಲಿ ಬೇರುಸಹಿತ ಸಾಗಿಸಿದ, ನೂರು ವರ್ಷ ದಾಟಿದ್ದ ಬಳ್ಳಿ ಇಂದಿಗೂ ಹೂಬಿಡುತ್ತಿದೆ. ಅಬಲೆಯೆಂದು ಮುದ್ದಿಸಿ ಗೊಬ್ಬರ ಸುರಿದರೆ ಎಲೆಯೇ ಹೆಚ್ಚಿ ಹೂವು ಹಿಂದೆ ಸರಿಯುತ್ತದೆ. ಬಲ್ಲವರು ಇದನ್ನು ಮರಕ್ಕೆ ಹಬ್ಬಿಸದೆ ಗಟ್ಟಿ ಚಪ್ಪರ ಕಟ್ಟುತ್ತಾರೆ. ಹೂವು ಮುಗಿದ ಬೇಸಿಗೆಯಲ್ಲೊಮ್ಮೆ, ಎಲೆಯುದುರಿದ ಚಳಿಗಾಲದಲ್ಲೊಮ್ಮೆ ಕುಡಿಗಳನ್ನು ಸವರುತ್ತಾರೆ. ಬೀಜದ ಸಸಿಯಾದರೆ ಹೂವಿಗೆ ಹತ್ತು ವರ್ಷ ಮೀರಿಯೂ ಕಾಯಬೇಕಾದೀತು. ಕಸಿಯ ಗಿಡ ಅಷ್ಟು ಕಾಯಿಸದು.