ಊರಿನ ದಾರಿಯಲ್ಲಿ ಕಾರು ಕೆಟ್ಟು ನಿಂತರೆ

ಮೇ ತಿಂಗಳ ರಜೆ ಹತ್ತಿರವಾಗುತ್ತಿದ್ದಂತೆ ಕಾಂದಿವಲಿಯ ಚಾರ್‌ಕೋಪ್, ಪೊಯಿಸರ್, ಠಾಕೂರ್ ವಿಲೇಜ್ ಪರಿಸರದ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಮದುವೆ, ಕೋಲ, ಗೃಹಪ್ರವೇಶ ಎಲ್ಲವೂ ಆ ಒಂದೇ ತಿಂಗಳಲ್ಲಿ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಪ್ರಯಾಣ ಸುಲಭವಾಯಿತು ನಿಜ. ಆದರೆ ಟಿಕೆಟು ಸಿಗದವರು, ಊರಲ್ಲಿ ಓಡಾಟಕ್ಕೆ ಗಾಡಿ ಬೇಕೆನ್ನುವವರು ಸ್ವಂತ ಕಾರಿನಲ್ಲೇ ಹೊರಡುತ್ತಾರೆ.

ವರ್ಷವಿಡೀ ಸೊಸೈಟಿಯ ಕಾಂಪೌಂಡಿನಲ್ಲಿ ಧೂಳು ತಿನ್ನುತ್ತಾ, ಹೆಚ್ಚೆಂದರೆ ಬೊರಿವಲಿವರೆಗೆ ಹೋಗಿಬರುವ ಕಾರು ಒಮ್ಮೆಲೇ ಐದು ಮಂದಿ, ಮೇಲೊಂದು ಹೊರೆ ಲಗೇಜು ಹೊತ್ತು ಸುಮಾರು 900 ಕಿ.ಮೀ. ಓಡಬೇಕು. ಓಡಿಸುವವರೋ, ರಾತ್ರಿ ಹೋಟೆಲಿನ ಗಲ್ಲಾ ಮುಚ್ಚಿ ನಿದ್ದೆಯಿಲ್ಲದೆ ಸ್ಟೇರಿಂಗ್ ಹಿಡಿದವರು. ಒಂದೇ ಓಟದಲ್ಲಿ ಊರು ಮುಟ್ಟಬೇಕೆಂಬ ಹಠ ಬೇರೆ. ಕಾರು ಕೆಡುವುದರಲ್ಲಿ ಆಶ್ಚರ್ಯವೇನಿದೆ?

2023ರ ಗಣೇಶೋತ್ಸವದ ವೇಳೆಗೆ ಕಶೇಡಿ ಸುರಂಗದ ಒಂದು ಪಥ ತೆರೆದ ಮೇಲೆ ಆ ಘಾಟಿಯ ಏರು ತಪ್ಪಿದೆ. ಆದರೂ ಪನ್ವೇಲ್‌ನಿಂದ ಗೋವಾವರೆಗೆ ಏರು, ತಿರುವುಗಳಿಗೆ ಕೊರತೆಯಿಲ್ಲ. ಏರಿನಲ್ಲಿ ಎಂಜಿನ್ ಬಿಸಿಯೇರಿದರೆ ಮೊದಲು ಎ.ಸಿ. ಆರಿಸಿ, ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಬಿಸಿ ಆರುವ ಮೊದಲೇ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಚಿಮ್ಮುವ ಕುದಿನೀರಿಗೆ ಮುಖ, ಕೈ ಸುಡುತ್ತದೆ. ಅರ್ಧ ಗಂಟೆ ಕಾಯುವುದರಿಂದ ಮುಹೂರ್ತ ತಪ್ಪದು.

ಆದರೆ ಜೀವಕ್ಕೆ ಕುತ್ತು ತರುವುದು ಕೆಟ್ಟ ಎಂಜಿನ್ ಅಲ್ಲ, ಕತ್ತಲಲ್ಲಿ ರಸ್ತೆಯ ಮೇಲೆ ನಿಂತ ಕಾರು. ಹಿಂದಿನಿಂದ ಬರುವ ಲಾರಿಯವನಿಗೆ ಅದು ಕಾಣುವುದು ತೀರಾ ಹತ್ತಿರಕ್ಕೆ ಬಂದಾಗ. ಮಕ್ಕಳು ಒಳಗೆ ಮಲಗಿರುತ್ತಾರೆ, ಗಂಡಸರು ಡಿಕ್ಕಿಯ ಹಿಂದೆ ಟಾರ್ಚ್ ಹಿಡಿದು ನಿಂತಿರುತ್ತಾರೆ. ಗಾಡಿ ಎಡಕ್ಕೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ, ಮಲಗಿದ ಮಕ್ಕಳನ್ನೂ ಎಬ್ಬಿಸಿ ಎಲ್ಲರನ್ನೂ ರಸ್ತೆಯಿಂದಾಚೆ ದೂರ ನಿಲ್ಲಿಸುವುದೇ ಮೊದಲ ಕೆಲಸ. ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಬೇಕು, ತಿರುವಿದ್ದರೆ ತಿರುವಿಗೂ ಮೊದಲೇ. ಅದು ಎಷ್ಟೋ ಕಾರುಗಳಲ್ಲಿ ಪ್ಲಾಸ್ಟಿಕ್ ಕವರ್ ಸಹ ಬಿಚ್ಚದೆ ಸ್ಟೆಪ್ನಿಯ ಅಡಿಯಲ್ಲಿ ಬಿದ್ದಿರುತ್ತದೆ. ಅದರ ಬದಲು ಕಲ್ಲು ಇಡುವವರು ಹೊರಡುವಾಗ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಆಮೇಲೆ ಬರುವ ಬೈಕಿನವನ ಗತಿ ದೇವರಿಗೇ ಪ್ರೀತಿ.

ಬಲಬದಿಯ ಟೈರು ಪಂಕ್ಚರಾದರೆ ಅಲ್ಲೇ ಕುಳಿತು ಬಿಚ್ಚುವುದು ಬೇಡ. ಟೈರು ಹಾಳಾದರೂ ಸರಿ, ನಿಧಾನವಾಗಿ ಅಗಲ ಜಾಗಕ್ಕೆ ಸಾಗಬೇಕು. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112. ಇವೆರಡು ಸಂಖ್ಯೆ ಹೆಂಗಸರ, ಮಕ್ಕಳ ಬಾಯಲ್ಲೂ ಇರಲಿ.

ಕಾಂದಿವಲಿಯ ಆಕುರ್ಲಿ ರಸ್ತೆಯಲ್ಲಿ ಮಹೀಂದ್ರದ ಟ್ರ್ಯಾಕ್ಟರ್ ಕಾರ್ಖಾನೆಯೇ ಇದೆ. ಇಲ್ಲಿ ಗ್ಯಾರೇಜಿಗಾಗಲಿ, ಕೆಲಸ ಬಲ್ಲವರಿಗಾಗಲಿ ಬರವಿಲ್ಲ. ಸಕ್ಕರೆ ಕಾಯಿಲೆ, ಕಣ್ಣಿನ ತಪಾಸಣೆಗೆ ಶಿಬಿರ ನಡೆಸುವ ಸಂಘ-ಸಂಸ್ಥೆಗಳು ಎಪ್ರಿಲ್‌ನ ಒಂದು ಭಾನುವಾರ ಕೂಲಂಟ್, ಬ್ರೇಕ್, ಬ್ಯಾಟರಿ, ಟೈರು ನೋಡಿಸುವ ಶಿಬಿರವನ್ನೂ ಇಡಬಹುದು. ಹಾರ-ಶಾಲುಗಳ ಖರ್ಚಿನಲ್ಲೇ ಅದು ಮುಗಿದೀತು. ದಾರಿಯುದ್ದಕ್ಕೂ ಮಹಾಡ್, ಚಿಪ್ಳೂಣ್, ಕಣಕವಲಿಗಳಲ್ಲಿ ನಂಬಬಹುದಾದ ಮೆಕ್ಯಾನಿಕರ ಫೋನ್ ನಂಬರು ಪ್ರತಿ ವರ್ಷ ಕಾರಿನಲ್ಲಿ ಹೋಗಿಬರುವವರ ಬಳಿ ಇರುತ್ತದೆ. ಅವನ್ನು ಕೂಡಿಸಿ ಒಂದು ಚೀಟಿ ಅಚ್ಚು ಹಾಕಿ ಅಂದೇ ಹಂಚಿದರೆ, ಈ ಸಲ ಊರಿಗೆ ಹೊರಟವರ ಕೈಗೆ ಅದು ಸಮಯಕ್ಕೆ ಸಿಗುತ್ತದೆ.